ಕರೆಂಟು ಕಮ್ಮಿ, ಎಳೆತ ಜಾಸ್ತಿ

"ಇದನ್ನ ಬರೆದಿದ್ದು ಯಾರು?"

ಸರ್ವಮಂಗಳ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದಳು. ಐವತ್ತೆರಡು ವರ್ಷದ ಮಂಡಿ ಬೇಡವೆಂದಿತು. ಅವಳು ಅದರ ಮಾತಿಗೆ ಬೆಲೆ ಕೊಡಲಿಲ್ಲ.

"ನಮ್ಮನೆಯೋರು," ಎಂದಳು ಹಿಂದೆ ನಿಂತಿದ್ದ ಬರಗೇರಮ್ಮ. "ದಿನಾ ಬೆಳಿಗ್ಗೆ ಡ್ರಮ್ಮು ಹಚ್ಚಿದ ಮ್ಯಾಲೆ ಒಂದೊಂದು ಸಾಲು ಬರೀತಿದ್ರು. ಭಾನುವಾರ ಒರೆಸಿಬಿಡೋರು. ಈಗ ಒರೆಸ್ಲಾ?"

"ಬೇಡ. ಮುಟ್ಟಲೇಬೇಡಿ."

ಅದು ಮತ್ತೋಡಿನ ಕಂಬಳಿ ಶೆಡ್ಡಿನ ಹಿಂಬಾಗಿಲು. ಗುರುವಾರ ಎಲ್ಲರೂ ಬಂದು ನೋಡಿ ಹೋದಾಗ ಅದು ಗೋಡೆಗೆ ಒತ್ತಿಕೊಂಡು ತೆರೆದಿತ್ತು, ಬರಹವಿದ್ದ ಮೈ ಗೋಡೆಯ ಕಡೆಗಿತ್ತು. ಇವತ್ತು ಶನಿವಾರ ಗಾಳಿಗೆ ಬಾಗಿಲು ತಾನಾಗಿ ಹಾಕಿಕೊಂಡಿತ್ತು. ಪತ್ತೆ ಕೆಲಸದಲ್ಲಿ ಅರ್ಧಕ್ಕರ್ಧ ಇಂಥ ಗಾಳಿಯ ಪುಣ್ಯವೇ. ವರದಿಯಲ್ಲಿ ಮಾತ್ರ ಅದನ್ನು ಯಾರೂ ಬರೆಯುವುದಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಈ ಶೆಡ್ಡಿನ ಗಂಜಿ ಕುದಿಸುವ ಡ್ರಮ್ಮು ಮುಟ್ಟಿ, ಕರೆಂಟು ಹೊಡೆದು, ಬರಗೇರಮ್ಮನ ಗಂಡ ಎತ್ತಪ್ಪ ಸತ್ತಿದ್ದ. ಡ್ರಮ್ಮನ್ನು ಕಾಯಿಸುವ ಕಾಯಿಲು ಸುತ್ತಿಕೊಟ್ಟ ಹೊಳಲ್ಕೆರೆಯ ಖಲೀಲುಲ್ಲಾನ ಮೇಲೆ ಕೇಸು ಬೀಳುವುದಕ್ಕೆ ವಿದ್ಯುತ್ ಪರೀಕ್ಷಕಿ ಸರ್ವಮಂಗಳಳ ಒಂದು ಸಹಿ ಬಾಕಿ ಇತ್ತು.

ಹಲಗೆಯ ಮೇಲೆ ಸೀಮೆಸುಣ್ಣದ ನಾಲ್ಕು ಸಾಲುಗಳಿದ್ದವು.

ಸೋಮ – ಕ 189, ಎ 8.3
ಮಂಗಳ – ಕ 182, ಎ 8.0
ಬುಧ – ಕ 196, ಎ 8.6
ಗುರು – ಕ 180, ಎ 9.5

ಕೊನೆಯ ಒಂಬತ್ತೂವರೆಯ ಸುತ್ತ ಒಂದು ಗುಂಡಗಿನ ಗೆರೆ ಎಳೆದಿತ್ತು. ಎಳೆಯುವಾಗ ಸುಣ್ಣದ ಕಡ್ಡಿ ಮುರಿದಿರಬೇಕು. ಬಿಳಿ ಚೂರೊಂದು ಹಲಗೆಯ ಸಂದಿನಲ್ಲಿ ಇನ್ನೂ ಸಿಕ್ಕಿಕೊಂಡಿತ್ತು.

"ಕ ಅಂದ್ರೆ?"

"ಕರೆಂಟು."

ಸರ್ವಮಂಗಳಳಿಗೆ ನಗು ಬಂತು. ಸತ್ತವನ ಹೆಂಡತಿಯ ಎದುರು ನಗಬಾರದೆಂದು ಕೆಮ್ಮಿದಳು. ಕರೆಂಟು ನೂರ ಎಂಬತ್ತೊಂಬತ್ತು ಆಂಪಿಯರ್ ಹರಿದಿದ್ದರೆ ಈ ಶೆಡ್ಡಿನ ವೈರು ಯಾವತ್ತೋ ಉರಿದು ಬೂದಿಯಾಗುತ್ತಿತ್ತು.

"ಎ ಅಂದ್ರೆ?"

"ಎಳ್ತ. ಬರಾದು ಕರೆಂಟು, ಕಾಯಿಲು ಎಳ್ಕಳಾದು ಎಳ್ತ. ಆ ಪೆಟ್ಟಿಗೆ ಮ್ಯಾಲೆ ಕೆಂಪು ಅಕ್ಷರದಾಗೆ ಎಲ್ಡು ನಂಬರು ಬರ್ತಾವಲ್ಲ, ಮ್ಯಾಲಿಂದು, ಕೆಳಗಿಂದು. ಹಂಗಂತ ಖಲೀಲ್ ಸಾಬ್ರೇ ಹೇಳಿಕೊಟ್ಟಿದ್ದು ಇವರಿಗೆ."

ಸರ್ವಮಂಗಳ ಪೆಟ್ಟಿಗೆಯ ಕಡೆ ತಿರುಗಿದಳು. ಮೀಟರಿನಲ್ಲಿ ಮೇಲಿನದು ವೋಲ್ಟ್, ಕೆಳಗಿನದು ಆಂಪಿಯರ್. ಅವಳ ನಗು ಅಲ್ಲಿಗೆ ನಿಂತಿತು.

ಗುರುವಾರ ಇದೇ ಬರಗೇರಮ್ಮ ಹೇಳಿಕೆ ಕೊಟ್ಟಿದ್ದಳು: "ಇವತ್ತು ಕರೆಂಟು ಕಮ್ಮಿ ಇತ್ತು." ಆ ಒಂದು ಸಾಲನ್ನು ಹಿಡಿದು ಸರ್ವಮಂಗಳ ಚಿತ್ರದುರ್ಗದ ತನ್ನ ಮೇಜಿನ ಮೇಲೆ ಒಂದೂವರೆ ಪುಟ ಬರೆದಿದ್ದಳು. ಡ್ರಮ್ಮಿನಿಂದ ಬಿಚ್ಚಿ ಪೊಲೀಸರು ಸೀಲ್ ಮಾಡಿದ್ದ ಕಾಯಿಲನ್ನು ಅಳೆದಾಗ ರೋಧ 22.8 ಓಮ್ ಬಂದಿತ್ತು, ತಂತಿ ಸರಿಯಾಗಿಯೇ ಇತ್ತು. ಹಾಗಿದ್ದೂ ಕರೆಂಟು ಕಡಿಮೆ ಹರಿದಿದೆ ಎಂದರೆ ಬಿಸಿಯಾದಾಗ ಒಳಗಿನ ಬೆಸುಗೆ ಬಿಟ್ಟುಕೊಂಡು ಡ್ರಮ್ಮಿಗೆ ತಾಗಿದೆ, ಸುತ್ತಿದವನ ಕೈಕೆಲಸ ಕಳಪೆ ಎಂದು ತೀರ್ಮಾನ. ಅಚ್ಚುಕಟ್ಟಾದ ವರದಿ. ಓದಿದವರು ತಲೆದೂಗುವಂತಿತ್ತು.

ಆದರೆ ಬರಗೇರಮ್ಮ ಹೇಳಿದ್ದು ವೋಲ್ಟೇಜಿನ ಮಾತು. ಹಿರಿಯೂರಿನಲ್ಲಿ ಹುಟ್ಟಿದ ಸರ್ವಮಂಗಳಳ ತಾಯಿಯೂ ಬಲ್ಬು ಮಂಕಾದರೆ "ಕರೆಂಟು ಕಮ್ಮಿ ಐತೆ" ಎಂದೇ ಅನ್ನುತ್ತಿದ್ದಳು. ಮೂರು ವರ್ಷ ಡಿಪ್ಲೊಮಾ ಓದಿ, ಇಪ್ಪತ್ತಾರು ವರ್ಷ ಸರ್ವಿಸು ಮಾಡಿ, ಮಗಳು ತಾಯಿಯ ಮಾತನ್ನೇ ಮರೆತಿದ್ದಳು. ಅವಳಿಗೆ ನಿಜವಾಗಿಯೂ ನಾಚಿಕೆಯಾಯಿತು. ಅರವತ್ತೆಂಟು ವರ್ಷದ ಖಲೀಲುಲ್ಲಾ ತನ್ನ ಅಂಗಡಿಗೆ ಪೊಲೀಸರ ಬೀಗ ಬಿದ್ದದ್ದನ್ನು ನೋಡುತ್ತ ಕೂತಿರುವುದು ಒಂದು ಶಬ್ದದ ದೆಸೆಯಿಂದ.

"ಇವತ್ತು ಮೂರನೇ ದಿನ," ಎಂದಳು ಬರಗೇರಮ್ಮ. "ಮನೇಲಿ ಜನ ಕಾಯ್ತಾವ್ರೆ. ಹಳೇ ಕಾಯಿಲು ನಿಮ್ಮ ತಾವೇ ಐತೇನ್ರಿ?"

"ಸೀಲ್ ಮಾಡಿ ಇಟ್ಟಿದೀವಿ. ಯಾಕೆ?"

"ಏನಿಲ್ಲ. ಭಾನುವಾರ ಭಾನುವಾರ ನಾಕು ಬೋಲ್ಟು ಬಿಚ್ಚಿ, ಅದಕ್ಕೆ ಮೆತ್ತಿದ ಗಂಜಿ ಕೆರೀತಿದ್ದೋಳು ನಾನೇ. ಅದರ ಮುಖ ಇನ್ನೊಂದು ಕಿತ ನೋಡೋ ಆಸೆ ಇಲ್ಲ, ಅದಕ್ಕೇ ಕೇಳ್ದೆ."

ಅವಳು ಸೆರಗು ಹೊದ್ದುಕೊಂಡು ಹೋದಳು. ಸರ್ವಮಂಗಳ ಬಾಗಿಲಿನ ಫೋಟೋ ತೆಗೆದುಕೊಂಡಳು. ಆಮೇಲೆ ಚೀಲದಿಂದ ಹಳೆಯ ಲಕೋಟೆಯೊಂದನ್ನು ತೆಗೆದು, ಮೊಣಕಾಲ ಮೇಲಿಟ್ಟು, ಪೆನ್ನಿನ ಮುಚ್ಚಳ ಕಚ್ಚಿ ಲೆಕ್ಕಕ್ಕೆ ಕೂತಳು. ಫೋನಿನಲ್ಲಿ ಲೆಕ್ಕ ಮಾಡುವುದನ್ನು ಅವಳು ನಂಬುವುದಿಲ್ಲ. ಕೈಯಲ್ಲಿ ಭಾಗಿಸಿದರೆ ಅಂಕಿಗಳ ಗುಣ ಗೊತ್ತಾಗುತ್ತದೆ ಎಂಬುದು ಅವಳ ವಾದ.

ಲೆಕ್ಕ ಹೈಸ್ಕೂಲಿನದೇ. ಬಂದ ವೋಲ್ಟನ್ನು ಎಳೆದ ಆಂಪಿಯರಿನಿಂದ ಭಾಗಿಸಿದರೆ ಕಾಯಿಲಿನ ರೋಧ ಸಿಗುತ್ತದೆ. ಲೈನಿನಲ್ಲಿ ವೋಲ್ಟು ಏರಲಿ, ಇಳಿಯಲಿ, ಎಳೆತವೂ ಅದರ ಬೆನ್ನಿಗೇ ಏರಿ ಇಳಿಯಬೇಕು. ಭಾಗಿಸಿದಾಗ ಬರುವ ಉತ್ತರ ಮಾತ್ರ ಅಲ್ಲಾಡಬಾರದು. ಕಾಯಿಲಿನ ತಂತಿ ಬಿಸಿಯಾದರೂ ಹೆಚ್ಚು ಬದಲಾಗುವ ಜಾತಿಯದಲ್ಲ.

ಸೋಮವಾರ 189ನ್ನು 8.3ರಿಂದ ಭಾಗಿಸಿದಳು, ಇಪ್ಪತ್ತೆರಡು ಪಾಯಿಂಟ್ ಎಂಟು. ಮಂಗಳವಾರವೂ ಇಪ್ಪತ್ತೆರಡು ಪಾಯಿಂಟ್ ಎಂಟರ ಹತ್ತಿರವೇ. ಬುಧವಾರವೂ ಅಷ್ಟೇ. ಎತ್ತಪ್ಪ ಓದಿದ್ದು ನಾಲ್ಕನೇ ಕ್ಲಾಸೋ ಐದನೆಯದೋ. ಆದರೆ ಕಂಡ ಅಂಕಿಯನ್ನು ಕಂಡ ಹಾಗೆ ಬರೆಯುವ ಮನುಷ್ಯ.

ಗುರುವಾರದ 180ನ್ನು 9.5ರಿಂದ ಭಾಗಿಸಿದಳು. ಹದಿನೆಂಟು ಪಾಯಿಂಟ್ ಒಂಬತ್ತು ಚಿಲ್ಲರೆ. ಹತ್ತೊಂಬತ್ತೆಂದೇ ಇಟ್ಟುಕೊಳ್ಳಬಹುದು.

ಅವಳು ಇನ್ನೊಮ್ಮೆ ಭಾಗಿಸಿದಳು. ಹತ್ತೊಂಬತ್ತೇ.

ಗುಣಿಸಿಯೂ ನೋಡಿದಳು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್. ಬುಧವಾರ ವೋಲ್ಟು ವಾರದಲ್ಲೇ ಹೆಚ್ಚು, ಕಾಯಿಲು ತಿಂದದ್ದು 1686 ವಾಟ್. ಗುರುವಾರ ವೋಲ್ಟು ಎಲ್ಲಕ್ಕಿಂತ ಕಡಿಮೆ, ತಿಂದದ್ದು 1710. ಊಟ ಕಡಿಮೆ ಬಡಿಸಿದ ದಿನ ಹೊಟ್ಟೆ ಹೆಚ್ಚು ತುಂಬಿದೆ. ಒಂದೇ ಕಾಯಿಲು ಹೀಗೆ ಮಾಡುವುದಕ್ಕೆ ಸಾಧ್ಯವಿಲ್ಲ.

ಅಂದರೆ ಗುರುವಾರ ಡ್ರಮ್ಮಿನಲ್ಲಿದ್ದದ್ದು ಬೇರೆ ಕಾಯಿಲು. ಅದು ಎತ್ತಪ್ಪನಿಗೂ ವಿಚಿತ್ರವಾಗಿ ಕಂಡು, ಸುತ್ತ ಗೆರೆ ಎಳೆದಿದ್ದ. ಆಮೇಲೆ ನೋಡೋಣವೆಂದು ಡ್ರಮ್ಮಿನ ಹತ್ತಿರ ಹೋಗಿದ್ದ. ಅವಳು ಲಕೋಟೆ ಹಿಡಿದು ಶೆಡ್ಡಿನ ಹೊರಗೆ ಬಂದಳು.

ಫೋನು ಹೊಡೆದುಕೊಂಡಿತು. ತನಿಖೆಯ ಎಸ್.ಐ. ಶಿವರಾಜ್.

"ಮೇಡಂ, ವರದಿ ಎಲ್ಲಿಗೆ ಬಂತ್ರಿ? ನಾಲ್ಕು ಗಂಟೆಗೆ ನಿಮ್ಮ ಸಹಿ ಸಿಕ್ಕಿದ್ರೆ ಸಾಬ್ರನ್ನ ಇವತ್ತೇ ಕರ್ಕಂಡು ಬರ್ತೀವಿ. ನಾಳೆ ಭಾನುವಾರ."

"ನಾಲ್ಕು ಗಂಟೆಗೆ ನಾನೇ ಫೋನ್ ಮಾಡ್ತೀನಿ," ಎಂದು ಅವಳು ಇಟ್ಟಳು.

ಶೆಡ್ಡಿನ ಮುಂಭಾಗದಲ್ಲಿ ಪರಮೇಶ್ ಕೂತಿದ್ದ. ನೇಕಾರರ ಸಂಘದ ಕಾರ್ಯದರ್ಶಿ, ಬಾಗೂರಿನವನು, ದಿನಾ ಬೈಕಿನಲ್ಲಿ ಬಂದು ಹೋಗುವವನು. ಎದುರಿಗೆ ಕರಿ ಕಂಬಳಿಗಳ ಅಟ್ಟಿ ಇತ್ತು. ಹುಣಸೆಬೀಜದ ಗಂಜಿ ಕುಡಿಸಿ ಒಣಗಿಸಿದ ಕಂಬಳಿ ಹಲಗೆಯ ಹಾಗೆ ನಿಲ್ಲುತ್ತದೆ. ಆ ಗಂಜಿಗಾಗಿಯೇ ಡ್ರಮ್ಮು.

"ಕುಂತ್ಕಳ್ರಿ ಮೇಡಂ. ಟೀ ತರಿಸ್ಲಾ?"

"ಎತ್ತಪ್ಪ ಬಿದ್ದಿದ್ದನ್ನ ಮೊದಲು ನೋಡಿದ್ದು ನೀವು."

"ಹೂಂ. ಸ್ಟೇಟ್‌ಮೆಂಟು ಕೊಟ್ಟೀನಲ್ಲ."

"ಇನ್ನೊಂದು ಸಲ ಕೊಡಿ. ನನಗೆ ಮರೆವು ಜಾಸ್ತಿ."

ಪರಮೇಶ್ ಹೇಳಿದ. ಹನ್ನೊಂದಕ್ಕೆ ಒಳಗೆ ಹೋದದ್ದು, ಎತ್ತಪ್ಪ ಡ್ರಮ್ಮಿಗೆ ಕೈ ಕೊಟ್ಟು ಒರಗಿದ್ದದ್ದು, ಮೇನ್ ಸ್ವಿಚ್ಚು ಕೆಡವಿದ್ದು, ಎಳೆದು ಮಲಗಿಸಿದ್ದು. ಪೊಲೀಸರು ಬರುವ ತನಕ ಹೆಣ ಬಿಟ್ಟು ಕದಲಲಿಲ್ಲ. ಗುರುವಾರ ಹೇಳಿದ್ದಕ್ಕೂ ಇದಕ್ಕೂ ಒಂದು ಅಕ್ಷರ ವ್ಯತ್ಯಾಸವಿಲ್ಲ. ಬಾಯಿಪಾಠ ಒಪ್ಪಿಸುವವರ ಮೇಲೆ ಸರ್ವಮಂಗಳಳಿಗೆ ಮೊದಲಿನಿಂದಲೂ ಅನುಮಾನ.

"ಕಾಯಿಲು ಯಾವಾಗ ಬದಲಾಯಿಸಿದ್ರಿ?"

"ಬದಲಾಯಿಸಿಲ್ಲ. ಎಲ್ಡು ವರ್ಷದಿಂದ ಅದೇ ಕಾಯಿಲು."

"ಬಾಗಿಲು ಬೇರೆ ಮಾತು ಹೇಳ್ತಿದೆ."

ಲಕೋಟೆಯನ್ನು ಅವನ ಮುಂದೆ ಇಟ್ಟಳು. ಪರಮೇಶ್ ಅದನ್ನು ತಲೆಕೆಳಗಾಗಿ ಹಿಡಿದು ನೋಡಿದ. ಅವಳು ತಿರುಗಿಸಿ ಕೊಟ್ಟಳು.

"ಎತ್ತಪ್ಪ ತಪ್ಪು ಬರೆದಿರಬೌದು."

"ಮೂರು ದಿನ ಪಾಯಿಂಟು ಸಮೇತ ಸರಿಯಾಗಿ ಬರೆದವನು ನಾಲ್ಕನೇ ದಿನ ತಪ್ಪು ಬರೆದು, ಅದಕ್ಕೆ ಸುತ್ತ ಗೆರೆ ಬೇರೆ ಹಾಕ್ತಾನಾ?"

"ಕರೆಂಟು ಜಾಸ್ತಿ ಬಂದಿರಬೌದು ಮೇಡಂ. ಅದಕ್ಕೇ ಜಾಸ್ತಿ ಎಳೆದೈತೆ."

"ಯಾವ ಕರೆಂಟು?"

"ಕರೆಂಟು... ಬರೋ ಕರೆಂಟು."

"ಬಂದಿದ್ದು ನೂರ ಎಂಬತ್ತು. ವಾರದಲ್ಲೇ ಕಮ್ಮಿ. ನೀವೇ ಹೇಳಿ, ಕಮ್ಮಿ ಬಂದ ದಿನ ಜಾಸ್ತಿ ಎಳೆಯೋದು ಹೆಂಗೆ?"

ಪರಮೇಶ್ ಹಣೆ ಒರೆಸಿಕೊಂಡ. ಹೊರಗೆ ಗುಡ್ಡದ ಮೇಲೆ ಗಾಳಿಯಂತ್ರಗಳು ಆರಾಮವಾಗಿ ತಿರುಗುತ್ತಿದ್ದವು. ಅಷ್ಟು ಹತ್ತಿರ ಕರೆಂಟು ಹುಟ್ಟಿಯೂ ಊರಿಗೆ ನೂರ ಎಂಬತ್ತೇ ಬರುವುದು ಏಕೆಂದು ಮತ್ತೋಡಿನವರು ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು.

"ತಂತಿ ಗಿಡ್ಡ ಆದರೆ ರೋಧ ಕಮ್ಮಿ, ರೋಧ ಕಮ್ಮಿ ಆದರೆ ಎಳೆತ ಜಾಸ್ತಿ," ಎಂದಳು ಸರ್ವಮಂಗಳ. "ನನ್ನ ಹತ್ತಿರ ಸೀಲಾಗಿರೋ ಕಾಯಿಲು ಇಪ್ಪತ್ತೆರಡು ಪಾಯಿಂಟ್ ಎಂಟು. ಗುರುವಾರ ಬೆಳಿಗ್ಗೆ ಡ್ರಮ್ಮಿನಲ್ಲಿ ಇದ್ದಿದ್ದು ಹತ್ತೊಂಬತ್ತು. ಡ್ರಮ್ಮಿಗೆ ತಾಗಿ ಎತ್ತಪ್ಪನನ್ನ ಕೊಂದ ಕಾಯಿಲು ಬೇರೆ, ಪೊಲೀಸರಿಗೆ ಸಿಕ್ಕ ಕಾಯಿಲು ಬೇರೆ. ಹೆಣ ಬಿದ್ದ ಮೇಲೆ, ಪೊಲೀಸರು ಬರೋದರೊಳಗೆ, ಯಾರೋ ನಾಲ್ಕು ಬೋಲ್ಟು ಬಿಚ್ಚಿ ಅದನ್ನ ತೆಗೆದು ಇದನ್ನ ಕೂರಿಸಿದಾರೆ. ಅಷ್ಟು ಹೊತ್ತೂ ನೀವು ಕದಲದೆ ಇಲ್ಲೇ ಇದ್ರಿ. ನಾನಂತೂ ಹೇಳ್ತಿಲ್ಲ, ನಿಮ್ಮ ಸ್ಟೇಟ್‌ಮೆಂಟೇ ಹೇಳ್ತಿದೆ."

ಪರಮೇಶನ ಮುಖ ಬಿಳಿಚಿಕೊಂಡಿತು.

"ನಾನು ಇರ್ಲಿಲ್ಲ ಮೇಡಂ."

"ಎಲ್ಲಿಗೆ ಹೋಗಿದ್ರಿ?"

"ತಗಡಿನ ಕೆಳಗೆ ಫೋನು ಸಿಗಲ್ಲ. ಬಸ್ ಸ್ಟ್ಯಾಂಡ್ ತಾವ ಓಡಿಹೋಗಿ ಆಂಬುಲೆನ್ಸಿಗೆ ಮಾಡ್ದೆ. ಅಲ್ಲೇ ನಿಂತು ಕರ್ಕಂಡು ಬಂದೆ. ಅರ್ಧ ಗಂಟೆ ಆಗಿರಬೇಕು."

"ಮತ್ತೆ ಕದಲಲಿಲ್ಲ ಅಂತ ಯಾಕೆ ಬರೆಸಿದ್ರಿ?"

"ಹೆಣ ಬಿಟ್ಟು ಓಡಿಹೋದ ಅಂತಾರಲ್ಲ ಊರಾಗೆ," ಎಂದ ಪರಮೇಶ್. ಕಣ್ಣಲ್ಲಿ ನೀರು ಬಂದಿತ್ತು. "ಹದಿನೈದು ವರ್ಷ ಒಟ್ಟಿಗೆ ಕೆಲಸ ಮಾಡೀವಿ. ಅವನ ಪಕ್ಕ ಕುಂತ್ಕಳಾಕೆ ನಂಗೆ ಹೆದರಿಕೆ ಆಯ್ತು. ಅದನ್ನ ಹೆಂಗೆ ಬರೆಸ್ಲಿ?"

ಸರ್ವಮಂಗಳ ಅವನನ್ನು ನಂಬಿದಳು. ನಾಚಿಕೆಗೆ ಹೇಳಿದ ಸುಳ್ಳಿಗೂ ಪಾಪಕ್ಕೆ ಹೇಳಿದ ಸುಳ್ಳಿಗೂ ಇರುವ ವ್ಯತ್ಯಾಸ ಅವಳಿಗೆ ಗೊತ್ತು. ಬೆಳಿಗ್ಗೆ ಬಾಗಿಲ ಮುಂದೆ ಕೂತಾಗಿನ ನಾಚಿಕೆ ಇನ್ನೂ ಹಸಿಯಾಗಿಯೇ ಇತ್ತು.

"ಆ ಅರ್ಧ ಗಂಟೆ ಶೆಡ್ಡಿನಲ್ಲಿ ಯಾರಿದ್ರು?"

"ಯಾರೂ ಇರ್ಲಿಲ್ಲ. ಆಯಮ್ಮ, ಅವನ ಹೆಂಡ್ತಿ, ಓಡಿಬಂದು ಅಳ್ತಾ ಕುಂತಿತ್ತು, ಅಷ್ಟೇ."

"ಹಿಂಬಾಗಿಲು?"

"ಪೂರಾ ತೆಗೆದಿತ್ತು."

ಅರ್ಧ ಗಂಟೆ, ಹಿಂಬಾಗಿಲು ತೆರೆದಿತ್ತು ಎಂದು ಸರ್ವಮಂಗಳ ಲಕೋಟೆಯ ಮೂಲೆಯಲ್ಲಿ ಬರೆದು, ಹಿಂಬಾಗಿಲಿಗೆ ಎರಡು ಅಡಿಗೆರೆ ಹಾಕಿದಳು.

ಹೊಳಲ್ಕೆರೆಯ ದಾರಿಯಲ್ಲಿ ಜೀಪಿನ ಡ್ರೈವರು ಗುಡ್ಡಪ್ಪ ಬಾಯಿ ಮುಚ್ಚಲಿಲ್ಲ, ಸರ್ವಮಂಗಳ ಬಾಯಿ ಬಿಡಲಿಲ್ಲ. ಲಕೋಟೆಯ ಮೇಲೆ ಜಾಗ ಮುಗಿದು ಅಂಗೈ ಮೇಲೆ ಬರೆಯುತ್ತಿದ್ದಳು. ಹತ್ತೊಂಬತ್ತು ಓಮಿನ ಕಾಯಿಲು ಎಲ್ಲಿಯದು? ಅಂಗಡಿಯಲ್ಲಿ ಸಿಗುವ ಕಾಯಿಲಿನ ಮೇಲೆ ಬರೆದಿರುವುದು ಇನ್ನೂರ ಮೂವತ್ತು ವೋಲ್ಟಿನ ಲೆಕ್ಕ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ರೋಧದಿಂದ ಭಾಗಿಸಿದರೆ ವಾಟ್ ಬರುತ್ತದೆ. ಐವತ್ತೆರಡು ಸಾವಿರದ ಒಂಬೈನೂರನ್ನು ಹತ್ತೊಂಬತ್ತರಿಂದ ಭಾಗಿಸಿದಳು. 2784.

ಎರಡೂವರೆ ಸಾವಿರ ವಾಟಿನದು ಸಿಗುತ್ತದೆ, ಮೂರು ಸಾವಿರದ್ದು ಸಿಗುತ್ತದೆ. ಎರಡು ಸಾವಿರದ ಏಳುನೂರ ಎಂಬತ್ನಾಲ್ಕು ವಾಟಿನ ಕಾಯಿಲನ್ನು ಯಾವ ಕಂಪನಿಯೂ ಮಾಡುವುದಿಲ್ಲ.

"ಮೇಡಂ, ಹಸಿವಾಗಲ್ವಾ ನಿಮಗೆ?" ಎಂದ ಗುಡ್ಡಪ್ಪ.

"ಮೂರೂವರೆ ಆಯ್ತು. ಸೀದಾ ಅಂಗಡಿಗೆ ಹೋಗಾಣ."

ಖಲೀಲುಲ್ಲಾನ ಅಂಗಡಿ ಹೊಳಲ್ಕೆರೆಯ ಪೇಟೆಯಲ್ಲಿ, ಅಡಿಕೆ ಮಂಡಿಯಿಂದ ಎರಡು ಬೀದಿ ಈಚೆ. ಬಾಗಿಲಿಗೆ ಪೊಲೀಸರ ಬೀಗ, ಬೀಗಕ್ಕೆ ಅರಗಿನ ಮುದ್ರೆ. ಮುದುಕ ಪಕ್ಕದ ಮನೆಯ ಜಗಲಿಯ ಮೇಲೆ ಬಿಳಿ ಟೋಪಿ ಹಾಕಿಕೊಂಡು ಕೂತಿದ್ದ. ಕಾಲ ಬಳಿ ಒಂದು ಚಿಕ್ಕ ಬಟ್ಟೆ ಚೀಲ. ಕರೆದರೆ ಹೊರಡಲು ತಯಾರಾಗಿಯೇ ಇದ್ದ. ಮಗಳು ತಾಹೇರಾ ಕಂಬಕ್ಕೆ ಒರಗಿ ನಿಂತಿದ್ದಳು. ಮೂವತ್ತರ ಹೆಣ್ಣು, ಬೆರಳ ತುದಿಯಲ್ಲಿ ತಂತಿ ಕೊಯ್ದ ಸಣ್ಣ ಸಣ್ಣ ಗೆರೆಗಳು. ಎರಡು ದಿನದಿಂದ ಅವಳು ಸರ್ವಮಂಗಳಳಿಗೆ ಫೋನು ಮಾಡಿ ಹೇಳಿದ್ದು ಒಂದೇ ಮಾತು: ಇನ್ನೊಂದು ಸಲ ಲೆಕ್ಕ ನೋಡಿ.

"ನೋಡಿದೆ," ಎಂದಳು ಸರ್ವಮಂಗಳ, ಜಗಲಿಯ ಮೇಲೆ ಕೂತು. "ತಪ್ಪು ನನ್ನದು. ನಿಮ್ಮ ತಂದೆ ಸುತ್ತಿದ ಕಾಯಿಲು ಗುರುವಾರ ಡ್ರಮ್ಮಿನಲ್ಲಿ ಇರಲೇ ಇಲ್ಲ."

ಅವಳು ಎಲ್ಲವನ್ನೂ ಹೇಳಿದಳು. ಬಾಗಿಲು, ನಾಲ್ಕು ಸಾಲು, ಭಾಗಾಕಾರ, ಆಮೇಲೆ ಅರ್ಧ ಗಂಟೆ. ತಾಹೇರಾ ಕಂಬಕ್ಕೆ ಹಣೆ ಆನಿಸಿ ಅತ್ತಳು. ಖಲೀಲುಲ್ಲಾ ಅಳಲಿಲ್ಲ. ಟೋಪಿ ತೆಗೆದು, ತಲೆ ಸವರಿಕೊಂಡು, ಮತ್ತೆ ಹಾಕಿಕೊಂಡ.

"ಎತ್ತಪ್ಪ ಬರೆದಿಟ್ಟಿದ್ನಾ," ಎಂದ. "ನಾನು ಹೇಳಿದ್ದೆ ಅವನಿಗೆ. ಭಾಗ ಮಾಡು, ಉತ್ತರ ಅದೇ ಬಂದ್ರೆ ಕಾಯಿಲು ತಂದುರಸ್ತ್, ಗಟ್ಟಿ ಐತೆ. ಭಾಗ ಮಾಡಾಕೆ ಬರಲ್ಲ ಸಾಬ್ರೇ, ಬರೆದಿಡ್ತೀನಿ, ನೀವು ಬಂದಾಗ ಮಾಡ್ರಿ ಅಂದಿದ್ದ." ಅಂಗಡಿಯ ಬೀಗದ ಕಡೆ ನೋಡಿದ. "ಒಳ್ಳೆ ಮನುಷ್ಯ."

ಒಳಗಿನಿಂದ ಟೀ ಬಂತು. ಕೆಲಸಗಾರನ ಕುತೂಹಲ ಮುದುಕನನ್ನು ಬಿಡಲಿಲ್ಲ.

"ಗುರುವಾರದ್ದು ಎಷ್ಟಂದ್ರಿ?"

"ನೂರ ಎಂಬತ್ತು, ಒಂಬತ್ತೂವರೆ. ರೋಧ ಹತ್ತೊಂಬತ್ತು. ಎರಡು ಸಾವಿರದ ಏಳುನೂರ ಎಂಬತ್ನಾಲ್ಕು ವಾಟ್ ಬರುತ್ತೆ. ಅಂಥ ಕಾಯಿಲು ಯಾವ ಕಂಪನಿಯದ್ದೂ ಇಲ್ಲ."

"ಎಷ್ಟು ವೋಲ್ಟಿಗೆ ಹಾಕಿದ್ರಿ ಲೆಕ್ಕ?"

"ಇನ್ನೂರ ಮೂವತ್ತು. ಪುಸ್ತಕದಲ್ಲಿರೋದೇ ಅಷ್ಟು."

ಖಲೀಲುಲ್ಲಾ ನಕ್ಕ. ಎರಡು ದಿನದಲ್ಲಿ ಮೊದಲ ನಗು. "ಪುಸ್ತಕದಾಗೆ ಐತೆ ಮೇಡಂ, ಊರಾಗೆ ಇಲ್ಲ. ನಾನು ಒಂದು ವರ್ಷ ಮೀಟರು ಹಿಡ್ಕಂಡು ಮತ್ತೋಡು, ಬಾಗೂರು, ಎಲ್ಲಾ ಕಡೆ ತಿರುಗೀನಿ. ಹಗಲು ಹೊತ್ತು ಬರೋದು ನೂರ ಎಂಬತ್ತೈದು. ನನ್ನ ಕಾಯಿಲೆಲ್ಲ ನೂರ ಎಂಬತ್ತೈದಕ್ಕೇ. ಮತ್ತೋಡಿಂದು ಹದಿನೈದು ನೂರು ವಾಟು. ನೂರ ಎಂಬತ್ತೈದರ ವರ್ಗ ತಗೊಳ್ರಿ, ಮೂವತ್ನಾಲ್ಕು ಸಾವಿರದ ಇನ್ನೂರಿಪ್ಪತ್ತೈದು. ಇಪ್ಪತ್ತೆರಡು ಪಾಯಿಂಟ್ ಎಂಟರಿಂದ ಭಾಗ ಮಾಡಿದ್ರೆ ಹದಿನೈದು ನೂರು. ನೋಡಿದ್ರಾ. ಹತ್ತೊಂಬತ್ತರಿಂದ ಮಾಡಿದ್ರೆ..."

ಅವನು ಅಲ್ಲಿಗೆ ನಿಲ್ಲಿಸಿದ.

ಸರ್ವಮಂಗಳ ಅಂಗೈ ನೋಡಿಕೊಂಡಳು. ಬರೆಯಲು ಜಾಗವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೂವತ್ನಾಲ್ಕು ಸಾವಿರದ ಇನ್ನೂರಿಪ್ಪತ್ತೈದನ್ನು ಹತ್ತೊಂಬತ್ತರಿಂದ ಭಾಗಿಸಿದರೆ ಹದಿನೆಂಟುನೂರ ಒಂದು.

ಹದಿನೆಂಟು ನೂರು ವಾಟಿನ ಕಾಯಿಲು. ಅಳೆದು ಸುತ್ತಿದ್ದು, ನೂರ ಎಂಬತ್ತೈದಕ್ಕೆ.

"ನೂರ ಎಂಬತ್ತೈದಕ್ಕೆ ಸುತ್ತೋರು ಇನ್ನ್ಯಾರಿದ್ದಾರೆ ಸಾಬ್ರೇ?"

ಮುದುಕ ಮಗಳ ಕಡೆ ನೋಡಲಿಲ್ಲ. ನೋಡಬಾರದೆಂದು ಕತ್ತು ಬಿಗಿ ಹಿಡಿದಿದ್ದ.

"ಯಾರೂ ಇಲ್ಲ. ಬರ್ಕಳ್ರಿ ಮೇಡಂ. ಹತ್ತೊಂಬತ್ತಿಂದೂ ನಾನೇ ಸುತ್ತಿದ್ದು. ಹೋದ ವಾರ. ಯಾರೋ ತಗೊಂಡು ಹೋದ್ರು, ನೆಪ್ಪಿಲ್ಲ. ನನ್ನ ಕರ್ಕಂಡು ಹೋಗಾಕೆ ಹೇಳ್ರಿ."

ಟೀ ಲೋಟವನ್ನು ಅವನು ಎರಡೂ ಕೈಯಲ್ಲಿ ಹಿಡಿದಿದ್ದ. ಆದರೂ ಅರ್ಧ ಟೀ ಪೈಜಾಮದ ಮೇಲಿತ್ತು. ಕೈಗಳು ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು. ಕೂದಲೆಳೆಯಷ್ಟು ಸಣ್ಣ ತಂತಿಯನ್ನು ಸುತ್ತು ತಪ್ಪದೆ ಸುತ್ತುವ ಕೈಗಳಲ್ಲ ಅವು. ಐದು ನಿಮಿಷದ ಹಿಂದೆ ಬಿಡುಗಡೆಯಾದ ಮನುಷ್ಯ ತಾನಾಗಿಯೇ ಬೋನಿನೊಳಗೆ ಹೋಗಿ ಕೂತಿದ್ದ.

"ಅಬ್ಬಾ, ಸಾಕು," ಎಂದಳು ತಾಹೇರಾ ತಂದೆಗೆ. ಕಣ್ಣು ಒರೆಸಿಕೊಂಡಿದ್ದಳು. "ಮತ್ತೋಡಿನ ಕಾಯಿಲೇ ಇವರು ಸುತ್ತಿದ ಕೊನೇದು ಮೇಡಂ. ಎಲ್ಡು ವರ್ಷದಿಂದ ಸುತ್ತೋಳು ನಾನು. ಹತ್ತೊಂಬತ್ತಿಂದು ನಂದು. ಬುಧವಾರ ಮಧ್ಯಾಹ್ನ ಕೊಟ್ಟೀನಿ. ಅದು ಎಲ್ಲಿಗೆ ಹೋಯ್ತು ಅಂತ ನಂಗೆ ಈಗಲೇ ಗೊತ್ತಾಗಿದ್ದು, ಅಲ್ಲಾಹನಾಣೆ."

"ಯಾರಿಗೆ ಕೊಟ್ರಿ?"

"ಹೆಸರು ಹೇಳಲಿಲ್ಲ. ಕಂಬಳಿ ಹೊದ್ದು ಬಂದಿದ್ದ ಹೆಂಗಸು. ಬೋಲ್ಟಿನ ತೂತು ಎಷ್ಟು ದೂರಕ್ಕೆ ಬೇಕು ಅಂದ್ರೆ ಇದನ್ನ ಕೊಟ್ಲು."

ತಾಹೇರಾ ಒಳಗೆ ಹೋಗಿ ಬಂದಳು. ಅವಳ ಕೈಯಲ್ಲಿ ಮೊಳದುದ್ದದ ಕರಿ ಉಣ್ಣೆಯ ನೂಲಿತ್ತು. ಮನೆಯಲ್ಲಿ ಕೈಯಿಂದ ನೂತದ್ದು. ನೂಲಿನಲ್ಲಿ ನಾಲ್ಕು ಗಂಟುಗಳಿದ್ದವು, ನಾಲ್ಕು ಬೋಲ್ಟಿಗೆ ನಾಲ್ಕು. ಮೂಗಿನ ಹತ್ತಿರ ತಂದಾಗ ಹುಣಸೆಬೀಜದ ಗಂಜಿಯ ಹುಳಿ ವಾಸನೆ ಬಂತು.

"ಬೇರೆ ಏನಾದ್ರೂ ಹೇಳಿದ್ಲಾ?"

"ಎಷ್ಟು ವಾಟು ಅಂತ ಕೇಳ್ದೆ. ವಾಟು ಗೀಟು ಗೊತ್ತಿಲ್ಲ, ಹಳೇ ಕಾಯಿಲಿಗಿಂತ ಜಾಸ್ತಿ ಎಳೀಬೇಕು, ಹಳೇ ಕಾಯಿಲಿನ ತೂತಿಗೇ ಕೂರಬೇಕು ಅಂದ್ಲು. ಅಷ್ಟೇ."

ಹಳೇ ಕಾಯಿಲು.

ಸರ್ವಮಂಗಳ ನೂಲನ್ನು ಬೆರಳಿಗೆ ಸುತ್ತಿಕೊಂಡಳು. ಬೆಳಿಗ್ಗೆ, ಲಕೋಟೆ ಹೊರಗೆ ತೆಗೆಯುವ ಮೊದಲು, ಎಲ್ಲರ ಲೆಕ್ಕದಲ್ಲೂ ಒಂದೇ ಒಂದು ಕಾಯಿಲು ಇದ್ದ ಹೊತ್ತಿನಲ್ಲಿ, ಅದೇ ಮಾತನ್ನು, ಭಾನುವಾರ ಭಾನುವಾರ ಆ ಬೋಲ್ಟು ಬಿಚ್ಚುತ್ತಿದ್ದವಳ ಬಾಯಿಂದಲೇ, ಅವಳು ಕೇಳಿಸಿಕೊಂಡಿದ್ದಳು. ಹೊಸದೊಂದು ಇದೆಯೆಂದು ಗೊತ್ತಿಲ್ಲದವರು ಇದ್ದದ್ದನ್ನು ಹಳೇದು ಎನ್ನುವುದಿಲ್ಲ.

ಮಡಿಲಲ್ಲಿ ಫೋನು ಹೊಡೆದುಕೊಂಡಿತು. ನಾಲ್ಕು ಗಂಟೆ, ಶಿವರಾಜ್.

"ಹೆಸರು ಹೇಳ್ರಿ ಮೇಡಂ," ಎಂದ. "ಅರೆಸ್ಟ್ ಮೆಮೊ ಬರೀತಾ ಕುಂತೀನಿ. ಸಾಬ್ರದೇ ತಾನೆ?"

ಮತ್ತೋಡಿನಲ್ಲಿ ಈ ಹೊತ್ತಿಗೆ ಮೂರನೇ ದಿನದ ಎಡೆ ಮುಗಿದಿರುತ್ತದೆ. ಬಂದ ಜನ ಬರಗೇರಮ್ಮನ ಕೈ ಹಿಡಿದು ಸಮಾಧಾನ ಹೇಳುತ್ತಿರುತ್ತಾರೆ.